ಆಸ್ಟರ್‌ಲಿಟ್ಜ್ ಕದನವನ್ನು ಅಳತೆಪಟ್ಟಿ ಹಿಡಿದು ಓದುವುದು ಹೇಗೆ

ನೆಪೋಲಿಯನ್ ಕಾಲದ ಯಾವ ಕದನದ ನಕ್ಷೆ ತೆರೆದರೂ ಕಾಣುವುದು ಬಾಣಗಳೇ. ಒಂದು ದಪ್ಪ ನೀಲಿ ಬಾಣ ಗುಡ್ಡ ಹತ್ತುತ್ತದೆ, ಎರಡು ಕೆಂಪು ಬಾಣಗಳು ಕೆಳಗೆ ಇಳಿಯುತ್ತವೆ, ಪಕ್ಕದಲ್ಲಿ ‘ನಿರ್ಣಾಯಕ ದಾಳಿ’ ಎಂದು ಬರೆದಿರುತ್ತದೆ. ಆ ಬಾಣದೊಳಗೆ ಎಷ್ಟು ಜನ, ಅವರು ಎಷ್ಟು ಅಗಲಕ್ಕೆ ನಿಂತಿದ್ದರು, ಗುಡ್ಡದ ಮೇಲೆ ಸೇರಲು ಎಷ್ಟು ನಿಮಿಷ ಬೇಕಾಯಿತು, ಎದುರಾಳಿಗೆ ಅವರು ಕಾಣುತ್ತಿದ್ದರೇ ಎಂಬುದನ್ನು ಬಾಣ ಹೇಳುವುದಿಲ್ಲ.

ಮಸ್ಕೆಟ್ ಯುಗದ ಕದನಗಳಲ್ಲಿ ಒಂದು ಅನುಕೂಲವಿದೆ. ಬಂದೂಕು ಮುಟ್ಟುವುದು ನೂರಿನ್ನೂರು ಮೀಟರ್, ಸೈನಿಕ ಹೋಗುವುದು ನಡೆದುಕೊಂಡು, ಆಜ್ಞೆ ಹೋಗುವುದು ಕುದುರೆಯ ಮೇಲೆ. ಹಾಗಾಗಿ ಇಡೀ ಕದನ ಒಂದು ಹಾಳೆಯಲ್ಲಿ ಹಿಡಿಯುತ್ತದೆ. ಲೆಕ್ಕಕ್ಕೆ ಕೂಡುವುದು, ಗುಣಿಸುವುದು, ಭಾಗಿಸುವುದು ಬಂದರೆ ಸಾಕು. ಇಲ್ಲಿ ಮಾದರಿಯಾಗಿ 1805ರ ಡಿಸೆಂಬರ್ 2ರ ಆಸ್ಟರ್‌ಲಿಟ್ಜ್ ತೆಗೆದುಕೊಂಡಿದೆ. ಫ್ರೆಂಚರ ಕಡೆ ಸುಮಾರು 73 ಸಾವಿರ, ರಷ್ಯ-ಆಸ್ಟ್ರಿಯಾ ಕೂಟದ ಕಡೆ ಸುಮಾರು 85 ಸಾವಿರ ಜನ. ಅದೇ ವಿಧಾನವನ್ನು ಕೊನೆಯಲ್ಲಿ ವಾಟರ್ಲೂಗೂ ಹಚ್ಚಿ ನೋಡೋಣ.

ಮೊದಲು ಹಾಳೆ ಸಿದ್ಧಮಾಡಿ

ಬೇಕಾದದ್ದು: ಒಂದು ಎ3 ಹಾಳೆ, ಮಿಲಿಮೀಟರ್ ಗುರುತಿರುವ ಅಳತೆಪಟ್ಟಿ, ಕೈವಾರ, ಎರಡು ಬಣ್ಣದ ಕಾಗದ, ಕತ್ತರಿ, ಗ್ರಾಫ್ ಹಾಳೆ, ನೀಲಿ ಪೆನ್ಸಿಲ್. ನಕ್ಷೆಯ ಪ್ರಮಾಣ 1:25,000 ಇರಲಿ. ಅಂದರೆ ಒಂದು ಕಿಲೋಮೀಟರ್‌ಗೆ 4 ಸೆಂ.ಮೀ. ಕದನದ ಉತ್ತರ ತುದಿಯ ಸಾಂಟೋನ್ ದಿಬ್ಬದಿಂದ ದಕ್ಷಿಣದ ಟೆಲ್ನಿಟ್ಜ್ ಹಳ್ಳಿಯವರೆಗೆ ಸುಮಾರು 10 ಕಿ.ಮೀ. ಇರುವುದರಿಂದ 40 ಸೆಂ.ಮೀ. ಆಗುತ್ತದೆ, ಎ3 ಹಾಳೆಯ ಉದ್ದಕ್ಕೆ ಸರಿಯಾಗಿ ಕೂರುತ್ತದೆ. ಎ4 ಸಾಲದು. ಪ್ರಮಾಣ ಕುಗ್ಗಿಸಿ ಎ4ಗೆ ತುರುಕಿದರೆ ಮುಂದೆ ಕತ್ತರಿಸಬೇಕಾದ ಪಟ್ಟಿಗಳು ಕೈಗೇ ಸಿಗುವುದಿಲ್ಲ.

ಎತ್ತರದ ರೇಖೆಗಳಿರುವ ನಕ್ಷೆ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಎಡವುವುದು ಮುದ್ರಿಸುವಾಗ. ‘ಪುಟಕ್ಕೆ ಹೊಂದಿಸು’ ಎಂಬ ಆಯ್ಕೆಯನ್ನು ಹಾಗೇ ಬಿಟ್ಟರೆ ಯಂತ್ರ ನಕ್ಷೆಯನ್ನು ನಾಲ್ಕೈದು ಶೇಕಡಾ ಕುಗ್ಗಿಸಿಬಿಡುತ್ತದೆ, ಆಮೇಲಿನ ಎಲ್ಲ ಲೆಕ್ಕವೂ ತಪ್ಪು. ಮುದ್ರಿಸಿದ ಕೂಡಲೇ ಸ್ಕೇಲ್ ಗೆರೆಯ ಮೇಲೆ ಪಟ್ಟಿ ಇಟ್ಟು 1 ಕಿ.ಮೀ. ಎಂದರೆ 4 ಸೆಂ.ಮೀ. ಇದೆಯೇ ನೋಡಿ.

ಊರಿನ ಹೆಸರುಗಳದು ಇನ್ನೊಂದು ತೊಡಕು. ಪುಸ್ತಕಗಳಲ್ಲಿರುವುದು ಜರ್ಮನ್ ಹೆಸರು, ಇಂದಿನ ನಕ್ಷೆಯಲ್ಲಿರುವುದು ಚೆಕ್ ಹೆಸರು. ಆಸ್ಟರ್‌ಲಿಟ್ಜ್ ಈಗ ಸ್ಲಾವ್ಕೋವ್, ಟೆಲ್ನಿಟ್ಜ್ ಟೆಲ್ನಿತ್ಸೆ, ಸೊಕೊಲ್ನಿಟ್ಜ್ ಸೊಕೊಲ್ನಿತ್ಸೆ, ಪ್ರಾಟ್ಜೆನ್ ಪ್ರಾತ್ಸೆ, ಪುಂಟೊವಿಟ್ಜ್ ಪೊನೆಟೊವಿತ್ಸೆ. ಇವಿಷ್ಟನ್ನು ಹಾಳೆಯ ಮೂಲೆಯಲ್ಲಿ ಬರೆದಿಟ್ಟುಕೊಂಡರೆ ಅರ್ಧ ಗೊಂದಲ ಕಳೆಯಿತು.

ಇನ್ನು 1805ರಲ್ಲಿ ಇಲ್ಲದ್ದನ್ನು ಅಳಿಸಿ. ಉತ್ತರದಲ್ಲಿ ಹಾದುಹೋಗುವ ಹೆದ್ದಾರಿ, ಪಶ್ಚಿಮದಲ್ಲಿರುವ ಬರ್ನೋ ವಿಮಾನ ನಿಲ್ದಾಣ, ಹಳ್ಳಿಗಳ ಹೊಸ ಬಡಾವಣೆಗಳು ಯಾವುದೂ ಅಂದು ಇರಲಿಲ್ಲ. ಅಂದು ಇದ್ದು ಈಗ ಇಲ್ಲದ್ದನ್ನು ನೀಲಿ ಪೆನ್ಸಿಲಿನಲ್ಲಿ ಸೇರಿಸಿ. ದಕ್ಷಿಣದ ಸಾಚನ್ ಮತ್ತು ಮೊನಿಟ್ಜ್ ಕೆರೆಗಳು ಆಮೇಲೆ ಬತ್ತಿಸಿ ಹೊಲವಾಗಿವೆ. ಅವಿಲ್ಲದೆ ಕದನದ ಕೊನೆಯ ಎರಡು ಗಂಟೆ ಅರ್ಥವೇ ಆಗುವುದಿಲ್ಲ.

ನೆಲವನ್ನು ಅಡ್ಡಕ್ಕೆ ಸೀಳಿ ನೋಡಿ

ಪಶ್ಚಿಮದ ಜುರಾನ್ ದಿಬ್ಬದಿಂದ (ಬೆಳಗ್ಗೆ ನೆಪೋಲಿಯನ್ ನಿಂತಿದ್ದ ಜಾಗ) ಪುಂಟೊವಿಟ್ಜ್ ಹಳ್ಳಿಗೆ, ಅಲ್ಲಿಂದ ಪ್ರಾಟ್ಜೆನ್ ಎತ್ತರದ ತುದಿಗೆ ಗೆರೆ ಎಳೆಯಿರಿ. ಗೆರೆ ಎತ್ತರದ ರೇಖೆಯನ್ನು ದಾಟುವ ಪ್ರತಿ ಜಾಗದ ಅಂಕಿಯನ್ನೂ ಗ್ರಾಫ್ ಹಾಳೆಗೆ ಇಳಿಸಿ. ಎತ್ತರವನ್ನು ಹತ್ತುಪಟ್ಟು ಹಿಗ್ಗಿಸಿ ಬರೆಯಿರಿ, ಇಲ್ಲದಿದ್ದರೆ ಎಲ್ಲವೂ ಚಪ್ಪಟೆಯಾಗಿ ಕಾಣುತ್ತದೆ. ಆದರೆ ಹಿಗ್ಗಿಸಿದ್ದೇವೆ ಎಂಬುದನ್ನು ಮರೆಯಬೇಡಿ. ಪ್ರಾಟ್ಜೆನ್ ತುದಿ ಸಮುದ್ರಮಟ್ಟದಿಂದ ಸುಮಾರು 324 ಮೀಟರ್, ಕೆಳಗಿನ ಗೋಲ್ಡ್‌ಬಾಕ್ ಹಳ್ಳಕ್ಕಿಂತ ನೂರು ಮೀಟರ್‌ನಷ್ಟು ಎತ್ತರ. ಬೆಟ್ಟವೇನಲ್ಲ, ಉದ್ದಕ್ಕೆ ಮಲಗಿದ ಏರು.

ಅಂದಿನ ಬೆಳಗ್ಗೆ ಹಳ್ಳದ ತಗ್ಗಿನಲ್ಲಿ ಮಂಜು, ಅದಕ್ಕೆ ರಾತ್ರಿ ಹಚ್ಚಿದ ಬೆಂಕಿಗಳ ಹೊಗೆ ಸೇರಿತ್ತು. ಗ್ರಾಫಿನಲ್ಲಿ ಹಳ್ಳದ ಮಟ್ಟದಿಂದ ಮೇಲಕ್ಕೆ ಒಂದಷ್ಟು ಭಾಗಕ್ಕೆ ಬೂದು ಬಣ್ಣ ಬಳಿಯಿರಿ. ಆ ಬೂದಿನೊಳಗೆ ಮಾರ್ಷಲ್ ಸೂಲ್‌ನ ಎರಡು ಡಿವಿಷನ್ನುಗಳು, ಸ್ಯಾಂ-ಇಲೇರ್ ಮತ್ತು ವಾಂದಾಮ್ ನಾಯಕತ್ವದಲ್ಲಿ ಸುಮಾರು 16 ಸಾವಿರ ಜನ, ಸದ್ದಿಲ್ಲದೆ ನಿಂತಿದ್ದರು. ಮೇಲಿನವರಿಗೆ ಅವರು ಕಾಣದೆ ಹೋದದ್ದು ಹೇಗೆ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ನೆಲ ನೋಡದೆ ಕಾದಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕಡೆಯ ಉದಾಹರಣೆಯೂ ಇದೆ. ಮುಂದೆ ವಾಟರ್ಲೂದಲ್ಲಿ ನೆಪೋಲಿಯನ್ನನಿಗೆ ಎದುರು ನಿಂತ ವೆಲ್ಲಿಂಗ್ಟನ್, ಇನ್ನೂ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಆಗಿದ್ದಾಗ, 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಬಳಿಯ ಸುಲ್ತಾನ್‌ಪೇಟೆ ತೋಪಿನೊಳಗೆ ನುಗ್ಗಿ ಕತ್ತಲಲ್ಲಿ ದಿಕ್ಕುತಪ್ಪಿ ಟಿಪ್ಪುವಿನ ಪಡೆಯಿಂದ ಪೆಟ್ಟು ತಿಂದು ಹಿಂದೆ ಬಂದ. ಹಗಲಲ್ಲಿ ನೋಡಿಕೊಳ್ಳದ ನೆಲೆಯ ಮೇಲೆ ರಾತ್ರಿ ದಾಳಿ ಮಾಡಬಾರದು ಎಂದು ಅವನು ನಿಶ್ಚಯಿಸಿಕೊಂಡದ್ದು ಆ ಪೆಟ್ಟಿನ ನಂತರ.

ಬಂದೂಕಿನ ಲೆಕ್ಕ

ಫ್ರೆಂಚರ ಕೈಯಲ್ಲಿದ್ದದ್ದು 1777ರ ಮಾದರಿಯ ಮಸ್ಕೆಟ್ ಮತ್ತು ಅದನ್ನೇ ತುಸು ತಿದ್ದಿದ ರೂಪ. ಉದ್ದ ಸುಮಾರು ಒಂದೂವರೆ ಮೀಟರ್, ತೂಕ ನಾಲ್ಕೂವರೆ ಕಿಲೋ ಆಸುಪಾಸು, ನಳಿಗೆಯ ಒಳವ್ಯಾಸ 17.5 ಮಿ.ಮೀ. ಸೀಸದ ಗುಂಡು ಅದಕ್ಕಿಂತ ಸುಮಾರು ಒಂದು ಮಿ.ಮೀ. ಸಣ್ಣದು. ಸಣ್ಣದಿರಲೇಬೇಕು, ಇಲ್ಲದಿದ್ದರೆ ಕರಿಮದ್ದಿನ ಮಸಿ ಕಟ್ಟಿದ ನಳಿಗೆಯಲ್ಲಿ ಗುಂಡು ಇಳಿಯುವುದಿಲ್ಲ. ಆ ಸಂದಿನಿಂದಲೇ ಗುಂಡು ನಳಿಗೆಯೊಳಗೆ ಅತ್ತಿತ್ತ ಬಡಿದು ಯಾವ ದಿಕ್ಕಿಗೋ ಹಾರುತ್ತದೆ.

ತುಂಬುವ ಕ್ರಮವನ್ನು ಕವಾಯತಿನಲ್ಲಿ ಹನ್ನೆರಡು ಆಜ್ಞೆಗಳಾಗಿ ಕಲಿಸುತ್ತಿದ್ದರು. ಸಾರ ಇಷ್ಟು: ಕಾಗದದ ತೋಟಾವನ್ನು ಹಲ್ಲಿನಿಂದ ಹರಿ, ಕಿವಿಯ ಬಟ್ಟಲಿಗೆ ಚಿಟಿಕೆ ಮದ್ದು ಹಾಕಿ ಮುಚ್ಚು, ಬಂದೂಕು ನಿಲ್ಲಿಸಿ ಉಳಿದ ಮದ್ದು ಮತ್ತು ಗುಂಡನ್ನು ನಳಿಗೆಗೆ ಇಳಿಸು, ಸಲಾಕೆಯಿಂದ ಗಟ್ಟಿ ಮಾಡು, ಸಲಾಕೆಯನ್ನು ಮತ್ತೆ ಅದರ ಜಾಗಕ್ಕೆ ಸೇರಿಸು, ಬಂದೂಕಿನ ಕುದುರೆ (ಚಕಮಕಿ ಕಲ್ಲು ಹಿಡಿದ ಕೊಕ್ಕೆ) ಎಳೆ, ಹೊಡೆ. ನುರಿತವನು ನಿಮಿಷಕ್ಕೆ ಎರಡು, ಹೆಚ್ಚೆಂದರೆ ಮೂರು. ಕೆಡುವುದು ಹಲವು ಕಡೆ. ಚಕಮಕಿ ಕಲ್ಲು ಸವೆದರೆ ಕಿಡಿ ಹಾರದು, ಮೂವತ್ತು-ಐವತ್ತು ಹೊಡೆತಕ್ಕೆ ಕಲ್ಲು ಬದಲಿಸಬೇಕು. ಕಿವಿಯ ತೂತು ಮಸಿಯಿಂದ ಮುಚ್ಚಿದರೆ ಬಟ್ಟಲಲ್ಲಿ ಮದ್ದು ಭುಗ್ ಎನ್ನುತ್ತದೆ, ನಳಿಗೆ ಸುಮ್ಮನಿರುತ್ತದೆ. ಗಾಬರಿಯಲ್ಲಿ ಸಲಾಕೆ ತೆಗೆಯುವುದನ್ನೇ ಮರೆತು ಹೊಡೆದರೆ ಸಲಾಕೆಯೂ ಶತ್ರುವಿನತ್ತ ಹಾರಿಹೋಗುತ್ತದೆ, ಆಮೇಲೆ ಆ ಬಂದೂಕು ತುದಿಗೆ ಸನೀನು (ಬಯೊನೆಟ್) ಸಿಕ್ಕಿಸಿದ ಕೋಲು ಮಾತ್ರ. ಮಳೆ ಬಂದರೆ ಹೇಳುವುದೇ ಬೇಡ.

ಗುರಿಯ ವಿಷಯಕ್ಕೆ ಪ್ರಷ್ಯನ್ನರು ಮಾಡಿದ ಪರೀಕ್ಷೆಯೊಂದು ಕೈಗೆ ಸಿಗುತ್ತದೆ. ನೂರು ಅಡಿ ಉದ್ದ, ಆರು ಅಡಿ ಎತ್ತರದ ಬಟ್ಟೆ ಕಟ್ಟಿ ಹೊಡೆದಾಗ ಸುಮಾರು 70 ಮೀಟರ್‌ನಿಂದ ನೂರಕ್ಕೆ 60, 140 ಮೀಟರ್‌ನಿಂದ 40, 200 ಮೀಟರ್‌ನಿಂದ 25 ಗುಂಡು ತಗುಲಿದವು. ಆ ಬಟ್ಟೆ ತಿರುಗಿ ಹೊಡೆಯುತ್ತಿರಲಿಲ್ಲ, ಹೊಗೆಯೂ ಕವಿದಿರಲಿಲ್ಲ. ಕದನದಲ್ಲಿ ಇದರ ಸಣ್ಣ ಪಾಲಷ್ಟೇ ತಗುಲುತ್ತಿತ್ತು.

ಇದರಿಂದ ಎರಡು ಉಪಯೋಗ. ನಿಮ್ಮ ಹಾಳೆಯಲ್ಲಿ ಬಂದೂಕಿನ ಉಪಯೋಗದ ದೂರ 100 ಮೀಟರ್, ಅಂದರೆ 4 ಮಿ.ಮೀ. ಅದಕ್ಕಿಂತ ದೂರದಲ್ಲಿರುವ ಎರಡು ಪಡೆಗಳು ಒಂದಕ್ಕೊಂದು ಹೆದರಬೇಕಾದದ್ದು ಫಿರಂಗಿಗೆ ಮಾತ್ರ. ಎರಡನೆಯದು, ಸೈನಿಕನ ಬಳಿ ಇರುತ್ತಿದ್ದ ತೋಟಾ ಐವತ್ತರ ಸುಮಾರು. ನಿಮಿಷಕ್ಕೆ ಎರಡರಂತೆ ಇಪ್ಪತ್ತೈದು ನಿಮಿಷದಲ್ಲಿ ಚೀಲ ಖಾಲಿ. ‘ನಾಲ್ಕು ಗಂಟೆ ಎಡೆಬಿಡದೆ ಗುಂಡಿನ ಮಳೆ’ ಎಂದು ಎಲ್ಲಾದರೂ ಓದಿದರೆ ನಡುವೆ ದೀರ್ಘ ಬಿಡುವುಗಳಿದ್ದವು, ಅಥವಾ ಪಡೆಗಳು ಸರದಿಯಲ್ಲಿ ಬದಲಾದವು ಎಂದೇ ತಿಳಿಯಿರಿ.

ಪಟ್ಟಿ ಕತ್ತರಿಸುವುದು

ಫ್ರೆಂಚ್ ಕಾಲಾಳು ಮೂರು ಸಾಲಿನಲ್ಲಿ ನಿಲ್ಲುತ್ತಿದ್ದರು. ಭುಜಕ್ಕೆ ಭುಜ ತಾಗಿಸಿ ನಿಂತವನಿಗೆ ಸುಮಾರು 55 ಸೆಂ.ಮೀ. ಅಗಲ ಬೇಕು. 700 ಜನರ ಬೆಟಾಲಿಯನ್ ಅಂದರೆ 233 ಜನರ ಮುಂಸಾಲು, ಸುಮಾರು 128 ಮೀಟರ್, ನಕ್ಷೆಯಲ್ಲಿ 5 ಮಿ.ಮೀ. ಅಷ್ಟು ಉದ್ದದ ಪಟ್ಟಿ ಕತ್ತರಿಸಿಕೊಳ್ಳಿ, ಒಂದು ಪಟ್ಟಿ ಒಂದು ಬೆಟಾಲಿಯನ್. ಬರವಣಿಗೆಯಲ್ಲಿ ‘840 ಜನ’ ಎಂದಿದ್ದರೂ ಕಾಗದದ ಲೆಕ್ಕ ನಂಬಬೇಡಿ. ಜ್ವರ, ನಡಿಗೆ, ಹಿಂದುಳಿದವರನ್ನು ಕಳೆದು 500ರಿಂದ 700 ಇಟ್ಟುಕೊಳ್ಳುವುದು ವಾಸಿ.

ಫಿರಂಗಿಗೆ ಕೈವಾರ. ಫ್ರೆಂಚರ 12 ಪೌಂಡಿನ ಫಿರಂಗಿಯ ಗುಂಡು ಸುಮಾರು 5.9 ಕಿಲೋ, ಉಪಯೋಗದ ದೂರ 900 ಮೀಟರ್ ಹತ್ತಿರ, ಆದ್ದರಿಂದ 3.6 ಸೆಂ.ಮೀ. ತ್ರಿಜ್ಯದ ಕಮಾನು. ಡಬ್ಬಿಯಲ್ಲಿ ಸಣ್ಣ ಗುಂಡು ತುಂಬಿ ಹೊಡೆಯುವ ದೂರ ಅದರ ಅರ್ಧದಷ್ಟು ಎಂದಿಟ್ಟುಕೊಂಡು ಒಳಗೆ ಇನ್ನೊಂದು ಕಮಾನು ಎಳೆಯಿರಿ. ಕುದುರೆಪಡೆಗೆ ವೇಗ ಮುಖ್ಯ. ನಾಗಾಲೋಟದಲ್ಲಿ ನಿಮಿಷಕ್ಕೆ 400 ಮೀಟರ್ ಎಂದರೆ ಬಂದೂಕಿನ ಆ 100 ಮೀಟರನ್ನು ಹದಿನೈದು ಸೆಕೆಂಡಿನಲ್ಲಿ ದಾಟುತ್ತದೆ. ಮರಳಿ ತುಂಬಲು ಬೇಕಾದದ್ದು ಇಪ್ಪತ್ತರಿಂದ ಮೂವತ್ತು ಸೆಕೆಂಡು. ಕಾಲಾಳಿಗೆ ಸಿಗುವುದು ಒಂದೇ ಹೊಡೆತ.

ಟೆಲ್ನಿಟ್ಜ್‌ನ ನೂಕುನುಗ್ಗಲು

ಈಗ ಇಡೀ ಅಭ್ಯಾಸದ ಹೂರಣಕ್ಕೆ ಬರೋಣ. ಆಸ್ಟ್ರಿಯಾದ ಸೇನಾಧಿಕಾರಿ ವೈರೋಟರ್ ಹೆಣೆದ ಯೋಜನೆ ಹೀಗಿತ್ತು: ಕೂಟದ ಪಡೆ ಪ್ರಾಟ್ಜೆನ್ ಎತ್ತರದಿಂದ ಇಳಿದು ಟೆಲ್ನಿಟ್ಜ್ ಮತ್ತು ಸೊಕೊಲ್ನಿಟ್ಜ್ ಹಳ್ಳಿಗಳ ಬಳಿ ಹಳ್ಳ ದಾಟಬೇಕು, ಫ್ರೆಂಚರ ಬಲಗಡೆಯನ್ನು ಮುರಿದು ಉತ್ತರಕ್ಕೆ ತಿರುಗಬೇಕು. ಹಾಗೆ ಇಳಿದವರು 40 ಸಾವಿರದ ಆಸುಪಾಸು. ಎದುರಿಗೆ ಲೆಗ್ರಾಂ ಡಿವಿಷನ್ನಿನ ತುಕಡಿಗಳು, ಆಮೇಲೆ ವಿಯೆನ್ನಾ ಕಡೆಯಿಂದ ಎರಡು ದಿನದಲ್ಲಿ ನೂರಕ್ಕೂ ಹೆಚ್ಚು ಕಿ.ಮೀ. ನಡೆದು ಬಂದ ಮಾರ್ಷಲ್ ದವೂನ ಜನ, ಎಲ್ಲ ಸೇರಿ ಸುಮಾರು 10 ಸಾವಿರ. ನಾಲ್ಕಕ್ಕೆ ಒಂದು. ಫ್ರೆಂಚರು ಹೇಗೆ ತಡೆದರು? ಹೆಚ್ಚಿನ ಪುಸ್ತಕಗಳು ಇಲ್ಲಿ ‘ಶೌರ್ಯ’ ಎನ್ನುವ ಪದ ಹಾಕಿ ಮುಂದೆ ಹೋಗುತ್ತವೆ.

ಪಟ್ಟಿ ಇಟ್ಟು ನೋಡಿ. ಎರಡು ಹಳ್ಳಿಗಳ ಅಕ್ಕಪಕ್ಕ ಸೇರಿಸಿ ಕಾದಾಟದ ಅಗಲ 2 ಕಿ.ಮೀ. ಎಂದು ಉದಾರವಾಗಿ ಹಿಡಿಯೋಣ, ಅಂದರೆ 8 ಸೆಂ.ಮೀ. ಎರಡು ಸಾವಿರ ಮೀಟರನ್ನು 0.55ರಿಂದ ಭಾಗಿಸಿದರೆ 3,636. ಮೂರು ಸಾಲು ಎಂದರೆ 10,900 ಜನ. ನಲವತ್ತು ಸಾವಿರ ಜನ ಮೂರು ಸಾಲಿನಲ್ಲಿ ನಿಲ್ಲಬೇಕಾದರೆ ಏಳು ಕಿಲೋಮೀಟರಿಗೂ ಹೆಚ್ಚು ಅಗಲ ಬೇಕು. ನೆಲದಲ್ಲಿ ಅಷ್ಟು ಜಾಗವಿಲ್ಲ: ಒಂದು ಕಡೆ ಕೆರೆ, ಇನ್ನೊಂದು ಕಡೆ ಏರು, ಎದುರಿಗೆ ಹಳ್ಳ, ನಡುವೆ ಗೋಡೆಗಳಿರುವ ಮನೆಗಳು. ಹಬ್ಬದ ಹಿಂದಿನ ದಿನ ಬಸ್ಸಿನ ಬಾಗಿಲಿನಂತೆ, ಮುಂದಿನ ಒಂದು ಪಾಲು ಜನ ಕಾದುತ್ತಿದ್ದರೆ ಹಿಂದಿನ ಮೂರು ಪಾಲು ನಿಂತೇ ಇದ್ದರು. ನಾಲ್ಕಕ್ಕೆ ಒಂದು ಎಂಬ ಅನುಪಾತ ಹಳ್ಳದ ದಡದಲ್ಲಿ ಒಂದಕ್ಕೆ ಒಂದಾಗಿಬಿಟ್ಟಿತು. ದವೂನ ಸೈನಿಕರ ಕಾಲು, ಎದೆ ಎರಡೂ ಗಟ್ಟಿಯಿದ್ದವು ನಿಜ. ಆದರೆ ನೆಲ ಅವರಿಗೆ ಮೂರು ಪಾಲು ಶತ್ರುವನ್ನು ಕಳೆದುಕೊಟ್ಟಿತ್ತು.

ಇಳಿಯುವಾಗಲೂ ಎಡವಟ್ಟಾಗಿತ್ತು. ಕೂಟದ ಸೇನಾನಿ ಲಿಕ್ಟೆನ್‌ಸ್ಟೈನ್‌ನ ಕುದುರೆಪಡೆ ರಾತ್ರಿ ತಪ್ಪು ಜಾಗದಲ್ಲಿ ತಂಗಿದ್ದು, ಬೆಳಗ್ಗೆ ತನ್ನ ಜಾಗಕ್ಕೆ ಹೋಗಲು ಉತ್ತರಕ್ಕೆ ಹೊರಟು, ದಕ್ಷಿಣಕ್ಕೆ ಇಳಿಯುತ್ತಿದ್ದ ಕಾಲಾಳುಗಳ ಸಾಲನ್ನು ಅಡ್ಡ ಕತ್ತರಿಸಿತು. ಹಾಗೆ ಇಳಿಯುತ್ತಿದ್ದ ಲಾಂಜೆರೋನ್‌ನ ಪಡೆ ಸುಮಾರು ಒಂದು ಗಂಟೆ ತಡವಾಯಿತು. ಡಿಸೆಂಬರಿನಲ್ಲಿ ಅಲ್ಲಿ ಬೆಳಕು ಇರುವುದೇ ಎಂಟೂವರೆ ಗಂಟೆಯಷ್ಟು. ಒಂದು ಗಂಟೆ ಎಂದರೆ ದಿನದ ಎಂಟನೇ ಒಂದು ಪಾಲಿಗಿಂತ ಸ್ವಲ್ಪವೇ ಕಡಿಮೆ.

ಇಪ್ಪತ್ತು ನಿಮಿಷದ ಉತ್ತರವನ್ನು ಪರೀಕ್ಷಿಸಿ

ಪ್ರಾಟ್ಜೆನ್ ಹತ್ತಲು ಎಷ್ಟು ಹೊತ್ತು ಬೇಕು ಎಂದು ನೆಪೋಲಿಯನ್ ಕೇಳಿದ್ದಕ್ಕೆ ಸೂಲ್ ‘ಇಪ್ಪತ್ತು ನಿಮಿಷದೊಳಗೆ’ ಎಂದನಂತೆ. ಹಾಗಾದರೆ ಇನ್ನೊಂದು ಕಾಲು ಗಂಟೆ ಕಾಯೋಣ ಎಂದ ಚಕ್ರವರ್ತಿ, ಎದುರಾಳಿಗಳು ಇನ್ನಷ್ಟು ಇಳಿಯಲಿ ಎಂದು. ಈ ಮಾತು ಪ್ರತಿ ಪುಸ್ತಕದಲ್ಲೂ ಇದೆ, ಅಳೆದು ನೋಡಿದವರು ಕಡಿಮೆ.

ಕವಾಯತಿನ ಸಾಮಾನ್ಯ ನಡಿಗೆ ನಿಮಿಷಕ್ಕೆ 76 ಹೆಜ್ಜೆ, ಹೆಜ್ಜೆಗೆ 65 ಸೆಂ.ಮೀ., ಒಟ್ಟು 49 ಮೀಟರ್. ದಾಳಿಯ ನಡಿಗೆ 120 ಹೆಜ್ಜೆ, 78 ಮೀಟರ್. ಇಪ್ಪತ್ತು ನಿಮಿಷಕ್ಕೆ ಮೊದಲನೆಯದರಲ್ಲಿ 1 ಕಿ.ಮೀ. ಚಿಲ್ಲರೆಯೂ ಇಲ್ಲ, ಎರಡನೆಯದರಲ್ಲಿ ಒಂದೂವರೆ ಕಿ.ಮೀ. ಪುಂಟೊವಿಟ್ಜ್‌ನಿಂದ ಪ್ರಾಟ್ಜೆನ್ ಹಳ್ಳಿಗೇ ಪಟ್ಟಿಯಲ್ಲಿ ಸುಮಾರು 8 ಸೆಂ.ಮೀ., ಎಂದರೆ 2 ಕಿ.ಮೀ. ಬರುತ್ತದೆ, ಅದೂ ಏರು ನೆಲ. ಲೆಕ್ಕ ಕೂಡುವುದಿಲ್ಲ. ಕೂಡಬೇಕಾದರೆ ಒಂದೇ ದಾರಿ: ಸೂಲ್‌ನ ಮುಂದಿನ ಸಾಲು ಆ ಹೊತ್ತಿಗಾಗಲೇ ಹಳ್ಳ ದಾಟಿ ಏರಿನ ಬುಡದಲ್ಲಿ ಇರಬೇಕು. ಇದ್ದದ್ದೂ ಅಲ್ಲಿಯೇ, ನೀವು ಬೂದು ಬಣ್ಣ ಬಳಿದ ಜಾಗದಲ್ಲಿ. ಸೂಲ್ ಹೇಳಿದ ಅಂಕಿಯೊಂದೇ ಪಡೆ ಎಲ್ಲಿ ನಿಂತಿತ್ತು ಎಂಬುದನ್ನೂ ತಿಳಿಸುತ್ತದೆ.

ಹೀಗೆ ಹತ್ತಿದಾಗ ಮೇಲೆ ಕೂಟದ ನಾಲ್ಕನೆಯ ಪಡೆ ಇನ್ನೂ ಹೊರಟಿರಲಿಲ್ಲ, ಕೂಟದ ರಷ್ಯನ್ ಸೇನಾಪತಿ ಕುತೂಜೋವ್ ಅದನ್ನು ಹಿಡಿದುಕೊಂಡಿದ್ದ. ಬೆಳಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ ಅಲ್ಲಿ ನಡೆದ ಕಾದಾಟವೇ ದಿನವನ್ನು ತೀರ್ಮಾನಿಸಿತು. ಉತ್ತರದಲ್ಲಿ ಫ್ರೆಂಚ್ ಮಾರ್ಷಲರಾದ ಲಾನ್ ಮತ್ತು ಮ್ಯೂರಾ, ರಷ್ಯದ ಬಗ್ರಾತಿಯೋನ್‌ನ ಪಡೆಯನ್ನು ತಡೆದು ನಿಲ್ಲಿಸಿದ್ದರು. ಮಧ್ಯಾಹ್ನ ರಷ್ಯದ ಗಾರ್ಡ್ (ಚಕ್ರವರ್ತಿಯ ಆಯ್ದ ಪಡೆ) ಕುದುರೆಪಡೆ ವಾಂದಾಮ್‌ನ ಒಂದು ಬೆಟಾಲಿಯನ್ನನ್ನು ತುಳಿದು ಅದರ ಹದ್ದಿನ ಲಾಂಛನ ಕಿತ್ತುಕೊಂಡಿತಾದರೂ ಫ್ರೆಂಚ್ ಗಾರ್ಡ್ ಕುದುರೆಪಡೆ ಅದನ್ನು ಹಿಮ್ಮೆಟ್ಟಿಸಿತು. ಆಮೇಲೆ ಎತ್ತರದ ಮೇಲಿದ್ದವರು ದಕ್ಷಿಣಕ್ಕೆ ತಿರುಗಿ, ಹಳ್ಳಿಗಳ ಮುಂದೆ ಸಾಲುಗಟ್ಟಿ ನಿಂತವರ ಬೆನ್ನಿಗೆ ಇಳಿದರು. ಓಡಲು ಉಳಿದ ದಾರಿ ಕೆರೆಗಳ ಕಡೆ.

ಗಡಿಯಾರ, ಬುಲೆಟಿನ್ ಎರಡನ್ನೂ ಅನುಮಾನಿಸಿ

ಅಂದು ಊರಿಗೊಂದು ಸಮಯ, ಜೇಬಿಗೊಂದು ಗಡಿಯಾರ. ವಾಟರ್ಲೂ ಹತ್ತು ಗಂಟೆಗೆ ಶುರುವಾಯಿತು ಎಂದು ಸ್ವತಃ ವೆಲ್ಲಿಂಗ್ಟನ್ ವರದಿ ಬರೆದ, ಇತಿಹಾಸಕಾರರು ಹೆಚ್ಚಾಗಿ ಒಪ್ಪುವುದು ಹನ್ನೊಂದೂವರೆಯ ಸುಮಾರನ್ನು. ನಿಮ್ಮ ಹಾಳೆಯಲ್ಲಿ ಪ್ರತಿ ಸಮಯಕ್ಕೂ ಅರ್ಧ ಗಂಟೆ ಆಚೀಚೆ ಬಿಡಿ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮವನ್ನು ಗಟ್ಟಿಯಾಗಿ ಹಿಡಿಯಿರಿ, ನಿಮಿಷಗಳನ್ನು ನಡಿಗೆಯ ಲೆಕ್ಕದಿಂದ ತುಂಬಿ.

ಅಂಕಿಗಳದೂ ಅದೇ ಕಥೆ. ಆಸ್ಟರ್‌ಲಿಟ್ಜ್ ನಂತರ ಹೊರಬಿದ್ದ ಫ್ರೆಂಚ್ ಬುಲೆಟಿನ್ (ಸೇನೆಯ ಅಧಿಕೃತ ಪ್ರಕಟಣೆ) ಇಪ್ಪತ್ತು ಸಾವಿರ ಜನ ಕೆರೆಗೆ ಬಿದ್ದು ಮುಳುಗಿದರು ಎಂದಿತು. ಕೆರೆ ಬತ್ತಿಸಿದಾಗ ಸಿಕ್ಕಿದ್ದು ಫಿರಂಗಿಗಳು, ಕುದುರೆಗಳ ದೇಹಗಳು, ಬೆರಳೆಣಿಕೆಯಷ್ಟು ಮನುಷ್ಯರು. ‘ಬುಲೆಟಿನ್‌ನಷ್ಟು ಸುಳ್ಳು’ ಎಂಬ ಮಾತು ಫ್ರೆಂಚ್ ಸೈನಿಕರಲ್ಲೇ ಚಾಲ್ತಿಯಲ್ಲಿತ್ತು. ಗೆದ್ದವನು ಕೊಟ್ಟ ಶತ್ರುನಷ್ಟಕ್ಕೆ ಪೆನ್ಸಿಲ್, ಸೆರೆಯಾದವರು ಮತ್ತು ವಶವಾದ ಫಿರಂಗಿಗಳಿಗೆ ಪೆನ್ನು ಬಳಸಿ. ಎಣಿಸಬಹುದಾದದ್ದರಲ್ಲಿ ಸುಳ್ಳು ಕಡಿಮೆ.

ವಾಟರ್ಲೂಗೆ ಇದೇ ಪಟ್ಟಿ

1815ರ ಜೂನ್ 18ರ ಹಾಳೆ ಇನ್ನೂ ಚಿಕ್ಕದು, ಎ4 ಸಾಕು. ಆದರೆ ಇಂದಿನ ಎತ್ತರದ ರೇಖೆಗಳನ್ನು ನಂಬಬೇಡಿ. 1820ರಿಂದ 1826ರವರೆಗೆ ಸ್ಮಾರಕವಾಗಿ ಸಿಂಹದ ದಿಬ್ಬ ಕಟ್ಟಲು ವೆಲ್ಲಿಂಗ್ಟನ್ ನಿಂತಿದ್ದ ಏಣಿನ ಮಣ್ಣನ್ನೇ ಕೆರೆದು ತೆಗೆದರು. ಈಗ 226 ಮೆಟ್ಟಿಲು ಹತ್ತಿ ನೋಡುವವರಿಗೆ ಕಾಣುವ ನೆಲ ಅಂದಿನದಕ್ಕಿಂತ ತಗ್ಗು, ನುಣುಪು.

ಬ್ರಿಟಿಷರು ಎರಡೇ ಸಾಲು. 600 ಜನರಿಗೆ 165 ಮೀಟರ್, ಪಟ್ಟಿ 6.6 ಮಿ.ಮೀ. ಮಧ್ಯಾಹ್ನ ಒಂದೂವರೆಗೆ ಏರು ಹತ್ತಿದ ಫ್ರೆಂಚ್ ಸೇನಾನಿ ದೆರ್ಲೋಂ ಪಡೆಯ ಡಿವಿಷನ್ನುಗಳಲ್ಲಿ ಬೆಟಾಲಿಯನ್ ಹಿಂದೆ ಬೆಟಾಲಿಯನ್ ನಿಂತಿತ್ತು. ಎಂಟು ಬೆಟಾಲಿಯನ್ ಎಂದರೆ ಇಪ್ಪತ್ನಾಲ್ಕು ಸಾಲು ಆಳ, ಅಗಲ ಸುಮಾರು 100 ಮೀಟರ್. ನಾಲ್ಕು ಸಾವಿರ ಜನರಲ್ಲಿ ಹೊಡೆಯಬಲ್ಲವರು ಮುಂದಿನ ಎರಡು ಸಾಲಿನ 360 ಜನ. ಎದುರಿಗೆ ತಲಾ 500ರ ಎರಡು ಬ್ರಿಟಿಷ್ ಬೆಟಾಲಿಯನ್ ಇದ್ದರೂ ಸಾವಿರ ಬಂದೂಕು. ಮೇಲೆ ಬ್ರಿಟಿಷ್ ಕುದುರೆಪಡೆ ಪಕ್ಕಕ್ಕೆ ಬಿದ್ದಾಗ ಆ ಆಳದ ಸಾಲು ನಾಲ್ಕೂ ಕಡೆ ಮುಖಮಾಡಿದ ಚೌಕವಾಗಲು ಜಾಗವೂ ಇರಲಿಲ್ಲ, ಹೊತ್ತೂ ಇರಲಿಲ್ಲ.

ಸಂಜೆ ನಾಲ್ಕರಿಂದ ಮಾರ್ಷಲ್ ನೇ ನಡೆಸಿದ ಕುದುರೆ ದಾಳಿಗಳಿಗೂ ಲೆಕ್ಕವಿದೆ. 600 ಜನರ ಚೌಕ, ಬದಿಗೆ 150, ನಾಲ್ಕು ಸಾಲು: ಒಂದು ಬದಿಯ ಉದ್ದ ಸುಮಾರು 21 ಮೀಟರ್. ಕುದುರೆಗೆ ಒಂದು ಮೀಟರ್ ಅಗಲ ಬೇಕು. ಆ ಬದಿಗೆ ಒಮ್ಮೆಗೆ ಎದುರಾಗುವುದು ಇಪ್ಪತ್ತು ಕುದುರೆ, ಎದುರಿಗೆ 150 ಬಂದೂಕು, ಮುಂದೆ ಸನೀನುಗಳ ಬೇಲಿ. ಊಗುಮೋಂ ಮತ್ತು ಲಾ ಹೇ ಸ್ಯಾಂತ್ ಎಂಬ ಎರಡು ತೋಟದ ಮನೆಗಳ ನಡುವಿನ ಸುಮಾರು ಒಂದು ಕಿಲೋಮೀಟರಿಗೆ ಸಾವಿರಾರು ಕುದುರೆ ತುರುಕಿದ್ದರಿಂದ ಎಷ್ಟು ಅಲೆ ಬಂದರೂ ಈ ಅನುಪಾತ ಬದಲಾಗಲಿಲ್ಲ. ಕಾಲಾಳು ಮತ್ತು ಫಿರಂಗಿ ಜೊತೆಗೆ ಬಂದಿದ್ದರೆ ಬದಲಾಗುತ್ತಿತ್ತು.

ಆಜ್ಞೆಯ ವೇಗವನ್ನೂ ಸೇರಿಸಿ. ಪ್ರಷ್ಯನ್ನರ ಬೆನ್ನಟ್ಟಲು ಕಳಿಸಿದ್ದ ಮಾರ್ಷಲ್ ಗ್ರೂಶಿಗೆ ನೆಪೋಲಿಯನ್ ಮಧ್ಯಾಹ್ನ ಒಂದರ ಸುಮಾರಿಗೆ ಬರೆಸಿದ ಪತ್ರ ಅವನ ಕೈ ಸೇರಿದ್ದು ಸಂಜೆ ಐದು ದಾಟಿದ ಮೇಲೆ. ಅವನ 33 ಸಾವಿರ ಜನ ಆಗ ದೂರದ ಪೂರ್ವಕ್ಕೆ, ವಾವ್ರ್ ಊರಿನ ಬಳಿ. ನಡಿಗೆ ಗಂಟೆಗೆ 3 ಕಿ.ಮೀ., ಕೆಸರಿನ ರಸ್ತೆ. ಕೈವಾರ ಇಟ್ಟು ನೋಡಿದರೆ ಪತ್ರ ತಲುಪಿದ ಹೊತ್ತಿಗೆ ಅದರಿಂದ ಪ್ರಯೋಜನವೇ ಉಳಿದಿರಲಿಲ್ಲ.

ಮುಂದಿನ ಹಾಳೆಗೆ 1757ರ ರಾಸ್‌ಬಾಕ್ ಒಳ್ಳೆಯದು. ಫ್ರೆಂಚರೂ ಅವರ ಜರ್ಮನ್ ಜೊತೆಗಾರರೂ ಸೇರಿ 41 ಸಾವಿರ, ಪ್ರಷ್ಯನ್ನರು 22 ಸಾವಿರ, ಒಂದೂವರೆ ಗಂಟೆಯಲ್ಲಿ ಎಲ್ಲ ಮುಗಿದ ಕದನ. ನಡೆಯುತ್ತಿರುವ ಸಾಲು ಕಾದುವ ಸಾಲಾಗಲು ಎಷ್ಟು ಹೊತ್ತು ಬೇಕು ಎಂಬ ಒಂದೇ ಪ್ರಶ್ನೆ ಅದರಲ್ಲಿದೆ. 1813ರ ಲೈಪ್‌ಜಿಗ್‌ಗೆ ಸದ್ಯ ಕೈ ಹಾಕಬೇಡಿ, ನಾಲ್ಕು ದಿನ, ಹಲವು ದಿಕ್ಕು, 1:25,000ರಲ್ಲಿ ಮೇಜಿನಗಲದ ಹಾಳೆ ಬೇಕಾಗುತ್ತದೆ. ಅದಕ್ಕೆ 1:1,00,000 ನಕ್ಷೆ ತೆಗೆದುಕೊಂಡು ಬೆಟಾಲಿಯನ್ ಬದಲು ಡಿವಿಷನ್ನಿಗೆ ಒಂದು ಪಟ್ಟಿ ಕತ್ತರಿಸಿ.